ಒಂಬತ್ತನೆಯ ಪುಟದ ಹುಳ

ಜುಲೈ ಹನ್ನೊಂದು, ಬೆಳಿಗ್ಗೆ ಒಂಬತ್ತೂ ಕಾಲು. ಬರೆಯಲು ಕೂತಿದ್ದೇನೆ, ಎರಡೂ ಕಾಲು ಕುರ್ಚಿಯ ಮೇಲಿವೆ. ಇದಕ್ಕೆ ಕಾರಣ ನಮ್ಮ ಅತ್ತೆ.

ನಮ್ಮ ಅತ್ತೆ ಹಾವಿಗೆ ಹೆದರುವವರಲ್ಲ, ಹಾವು ಎಂಬ ಎರಡಕ್ಷರಕ್ಕೆ ಹೆದರುವವರು! ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ನಾನು ಅಂಥ ಕಾರ್ಯಕರ್ತೆಯರಿಗಾಗಿ ಹಾವು ಕಡಿತದ ಕೈಪಿಡಿ ಬರೆಯುವವಳು. ಕರಡು ತಿದ್ದಿಸಲು ಅವರ ಮನೆಯಲ್ಲೇ ಬಿಡಾರ ಹೂಡಿದೆ. ಅವರ ಬಾಯಲ್ಲಿ ಹಾವು ಇಲ್ಲ, 'ಹುಳ'. ಅದು ಕಡಿಯುವುದೂ ಇಲ್ಲ, 'ಮುಟ್ಟುತ್ತದೆ'. ಹೆಸರು ಹಿಡಿದರೆ ಕರೆದಂತಾಗುತ್ತದಂತೆ. ದಿನಚರಿಯ ಕೊನೆಯ ಹಾಳೆಯಲ್ಲಿ ಲೆಕ್ಕ ಇಟ್ಟೆ: ಹದಿನಾರು ದಿನ, ಹುಳ ನೂರ ನಾಲ್ಕು ಸಲ, ಹಾವು ಸೊನ್ನೆ.

ತರಬೇತಿಗೆಂದು ಮಾಡಿಸಿದ ನಾಗರಹಾವಿನ ಚಿತ್ರಪಟವನ್ನು ಒಂದು ದಿನ ಅವರ ಕೈಗೆ ಕೊಟ್ಟೆ; ರಾತ್ರಿಯೆಲ್ಲ ಅದು ದೇವರ ಕೋಣೆಯಲ್ಲಿತ್ತು. ಮರುದಿನ ಕೊಪ್ಪಳದಲ್ಲಿ ವೈದ್ಯರು ಅದನ್ನು ಬಿಚ್ಚಿ ತೋರಿಸಿ, ನಾಗರವನ್ನು ಗುರುತಿಸುವುದು ಹೇಗೆ ಎಂದು ಕೇಳಿದರು. ಹಿಂದಿನ ಸಾಲಿನಿಂದ ಉತ್ತರ ಬಂತು: "ಹಣಿ ಮ್ಯಾಲೆ ಕುಂಕುಮ ಇರ್ತೈತ್ರಿ ಸರ್."

ಕರಡಿನಲ್ಲಿ ಹಾವು ಇದ್ದಲ್ಲೆಲ್ಲ ಅತ್ತೆ ಪಕ್ಕದಲ್ಲೇ ಪೆನ್ಸಿಲ್ಲಿನಿಂದ 'ಹುಳ' ಎಂದು ಬರೆದಿದ್ದರು. ಇಪ್ಪತ್ತೆರಡು ಕಡೆ! ನಾನು ಇಪ್ಪತ್ತೆರಡನ್ನೂ ಅಳಿಸಿದೆ. ಹುಳಕ್ಕೆ ನನ್ನ ಕೈಪಿಡಿಯಲ್ಲಿ ಬೇರೆಯೇ ಪುಟವಿತ್ತು, ಒಂಬತ್ತನೆಯದು. ಇರುವೆ, ಕಣಜ, ಕಂಬಳಿಹುಳ: ತಣ್ಣೀರಿನಲ್ಲಿ ತೊಳೆಯಿರಿ, ಅರ್ಧ ಗಂಟೆ ಕಾದು ನೋಡಿ.

ಜುಲೈ ನಾಲ್ಕು, ಹನ್ನೊಂದೂವರೆ. ಕರಡನ್ನು ಪರೀಕ್ಷೆಗೆಂದು ಕೊಟ್ಟಿದ್ದ ಕುಷ್ಟಗಿ ಕಡೆಯ ಹೊಸ ಕಾರ್ಯಕರ್ತೆಯ ಫೋನು. ಗಂಗಾವತಿ ಪೇಟೆಯಲ್ಲಿ ಬೆಳೆದು ಆ ಹಳ್ಳಿಗೆ ಸೊಸೆಯಾಗಿ ಬಂದವಳು.

"ಅಕ್ಕಾರ, ಹೆಸರಿನ ಹೊಲದಾಗ ಕಸ ತಗ್ಯಾಕ ಹೋದಾಕಿ ಕಾಲಿಗೆ ಹುಳ ಮುಟ್ಟೈತಂತ. ಒಂಬತ್ತನೇ ಪುಟಾನ ಹೌದಲ್ರಿ?"

ಪುಟದ ಸಂಖ್ಯೆ ಸರಿಯಾಗಿ ಹೇಳಿದಳಲ್ಲ ಎಂಬ ಖುಷಿಯಲ್ಲಿ ಹೌದು ಅಂದುಬಿಟ್ಟೆ. ನೂರ ನಾಲ್ಕು ಸಲ ಎಣಿಸಿದವಳು ನಾನೇ!

ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ಫೋನು ಕಸಿದುಕೊಂಡರು. "ಕಾಲಿದ್ದ ಹುಳಾನೋ, ಇಲ್ಲದ್ದೋ?"

"ಪುಟದಾಗ ಕಾಲಿನ ಸುದ್ದಿ ಇಲ್ರಿ."

ಅತ್ತೆ ಕಣ್ಣು ಮುಚ್ಚಿದರು. "ಹಾವು, ತಂಗಿ. ಹಾವು ಕಡದೈತಿ. ಕಟ್ಟಬ್ಯಾಡ, ಕೊಯ್ಯಬ್ಯಾಡ. ಕಾಲುಂಗುರ ತಗಿ, ಕಾಲು ಅಲುಗಾಡಿಸಬ್ಯಾಡ. ತಡಾ ಮಾಡಬ್ಯಾಡ, ಗಾಡಿ ತರಿಸಿ ದವಾಖಾನಿಗೆ ಹೊಂಡ್ರಿ."

ಆಮೇಲೆ ನಾಲ್ಕೂವರೆಯವರೆಗೆ ಸುದ್ದಿಯಿಲ್ಲ. ನಾನು ಮೂವತ್ತೊಂದು ಸಲ ಫೋನು ನೋಡಿದೆ. ಅತ್ತೆ ಮಂಚದ ಮೇಲೆ ಕಾಲು ಮಡಚಿ ಕೂತು ಹೊಸ್ತಿಲನ್ನೇ ನೋಡುತ್ತಿದ್ದರು. ಒಳಗೆ ಬಂದು ಮಲಗಿ ಎಂದೆ. ಕದಲಲಿಲ್ಲ.

"ಹೆಸರು ಹಿಡದೀನಿ. ಬರೋದಿದ್ರ ಇಲ್ಲಿಗೇ ಬರ್ಲಿ. ಫೋನ್ ಮಾಡಿದಾಕಿ ಮನ್ಯಾಗ ಸಣ್ಣ ಕೂಸೈತಿ."

ನಾಲ್ಕೂವರೆಗೆ ಫೋನು ಬಂತು, ದವಾಖಾನೆಯಲ್ಲಿ ಚುಚ್ಚುಮದ್ದು ಕೊಟ್ಟಿದ್ದರಂತೆ. ಕಡಿಸಿಕೊಂಡವಳು ಐದನೆಯ ದಿನ ಮನೆಗೆ ಬಂದಳು. ಕೊನೆಯ ಹಾಳೆಯಲ್ಲಿ ಈಗ ಹಾವು: ಎರಡು. ಅದರ ಕೆಳಗೆ ಹೊಸ ಲೆಕ್ಕವೊಂದಿದೆ: ಬ್ಯಾಟರಿ ಹಿಡಿದು ಅತ್ತೆಯ ಮಂಚದ ಕೆಳಗೆ ಬಗ್ಗಿ ನೋಡಿದ್ದು, ದಿನಕ್ಕೆರಡರಂತೆ ಹದಿನಾಲ್ಕು ಸಲ. ಅವರಿಗೆ ಗೊತ್ತಿಲ್ಲ.

ಅಳಿಸಿದ ಇಪ್ಪತ್ತೆರಡನ್ನೂ ಮತ್ತೆ ಬರೆಯುತ್ತಿದ್ದೇನೆ. ನಿಮ್ಮೂರಲ್ಲಿ ಅದರ ಹೆಸರು ಹೇಳದೆ ಬೇರೇನಾದರೂ ಅನ್ನುತ್ತಿದ್ದರೆ ದಯವಿಟ್ಟು ಬರೆದು ಕಳಿಸಿ. ಬರೆದರೆ ಸಾಕು, ಬಾಯಿಬಿಟ್ಟು ಹೇಳಬೇಡಿ.