ಮೈಕಪ್ಪನ ಪೂರ್ತಿ ವಾಕ್ಯ

"ಕೋಟೆ ಬಸ್, ಎರಡನೇ ಪ್ಲಾಟ್‌ಫಾರಂ, ಓಡಿ!"

ಸ್ಪೀಕರಿನಿಂದ ಈ ಮಾತು ಸಿಡಿದದ್ದೇ ತಡ, ನಿಲ್ದಾಣದಲ್ಲಿದ್ದ ಅರ್ಧ ಜನ ಎದ್ದು ಓಡಿದರು. ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಮೈಕಪ್ಪನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

ಆ ಗಾಜಿನ ಕೋಣೆಯಲ್ಲಿ ಮೂವತ್ತು ವರ್ಷ ಕುಳಿತು ಬಸ್ಸುಗಳ ಹೆಸರು ಕೂಗಿ ನಿವೃತ್ತನಾದವನು ಅವನು. ಅವನ ನಿಜವಾದ ಹೆಸರು ಹೆಂಡತಿಗೂ ಈಗ ಥಟ್ಟನೆ ನೆನಪಾಗುತ್ತಿರಲಿಲ್ಲ.

"ಕೇಳಿದೆಯಾ? ಇದೂ ಒಂದು ಭಾಷೆಯಾ?" ಎಂದ ಪಕ್ಕದಲ್ಲಿದ್ದ ಹೆಂಡತಿಗೆ. "ದನ ಅಟ್ಟೋರೂ ಇದಕ್ಕಿಂತ ಮರ್ಯಾದೆಯಾಗಿ ಮಾತಾಡ್ತಾರೆ! ಈಗಿನ ಹುಡುಗರ ಬಾಯಲ್ಲಿ ಒಂದು ಪೂರ್ತಿ ವಾಕ್ಯ ಹುಟ್ಟಲ್ಲ ಕಣೇ!"

"ನನಗೆ ಬಂದರಿನ ಬಸ್ಸು ಸಿಕ್ಕಿದ್ರೆ ಸಾಕು ರೀ," ಎಂದಳು ಹೆಂಡತಿ. ಬಂದರಿನಲ್ಲಿ ಮಗಳು ಹೆತ್ತಿದ್ದಳು. ಮೊಮ್ಮಗಳ ಮುಖ ನೋಡಲು ಈಕೆ ಬೆಳಗಿನಿಂದ ತುದಿಗಾಲಿನಲ್ಲಿದ್ದಳು.

ಮೈಕಪ್ಪ ಅಷ್ಟರಲ್ಲಿ ಗಾಜಿನ ಕೋಣೆಯ ಕಿಂಡಿಗೆ ಮುಖ ತೂರಿಸಿಯಾಗಿತ್ತು.

"ಏನಮ್ಮಾ ಹುಡುಗಿ, 'ಓಡಿ' ಅಂದ್ರೆ ಏನರ್ಥ? ಯಾರು ಓಡಬೇಕು? ಯಾಕೆ ಓಡಬೇಕು?"

"ಬಸ್ ಹೊರಡ್ತಿದೆ, ಅಂಕಲ್."

"ಅಂಕಲ್ಲಂತೆ!" ಮೈಕಪ್ಪನ ಕಿವಿ ಕೆಂಪಾದವು. "ನಾನು ಕೂತಿದ್ದ ಕುರ್ಚಿ ಅದು!"

ಗದ್ದಲಕ್ಕೆ ಟೀ ಅಂಗಡಿಯವನು ಓಡಿಬಂದ. "ನಿಜ ಸಾರ್, ನಿಮ್ಮ ಕಾಲವೇ ಕಾಲ. ನೀವು ಒಂದು ಬಸ್ಸು ಕೂಗಿ ಮುಗಿಸೋದ್ರೊಳಗೆ ಜನ ಎರಡೆರಡು ಟೀ ಕುಡೀತಿದ್ರು."

"ಈಗಿನವರಿಗೆ ಓದೋಕೂ ಬರಲ್ಲ," ಎಂದು ಪೇಪರಿನವನು ಸೇರಿಸಿದ. "ಪೇಪರ್ ಕೊಳ್ಳೋದೇ ಕಿಟಕಿ ಒರೆಸೋಕೆ!"

ಬೆಂಬಲ ಸಿಕ್ಕ ಮೈಕಪ್ಪ ಮುಚ್ಚಳ ಹಾರಿದ ಕುಕ್ಕರಿನಂತಾದ. ಕೊನೆಗೆ ನಿಲ್ದಾಣದ ಅಧಿಕಾರಿ ಕೈ ಮುಗಿಯುತ್ತಾ ಬಂದ.

"ಆಯ್ತು ಸಾರ್. ಮುಂದಿನ ಬಸ್ಸು ನೀವೇ ಕೂಗಿ. ಜನ ಮೆಚ್ಚಿದ್ರೆ ಮೈಕು ಮತ್ತೆ ನಿಮ್ಮದೇ. ಇಲ್ಲಾಂದ್ರೆ ಈ ಕಿಂಡಿಗೆ ಇನ್ನು ತಲೆ ಹಾಕಬಾರದು."

ಹುಡುಗಿ ಎದ್ದು ಜಾಗ ಬಿಟ್ಟಳು. ಮುಂದಿನದು ಬಂದರಿನ ಬಸ್ಸೇ. ಮೈಕಪ್ಪ ಮೈಕಿನ ಧೂಳು ಒರೆಸಿ, ಗಂಟಲು ಸರಿಮಾಡಿಕೊಂಡ.

"ಪ್ರಿಯ ಪ್ರಯಾಣಿಕ ಬಂಧುಗಳೇ, ಭಗಿನಿಯರೇ, ತಾಳ್ಮೆಯೇ ಮೈವೆತ್ತಂತೆ ಕಾದು ಕುಳಿತಿರುವ ತಮ್ಮೆಲ್ಲರಲ್ಲಿ ನಮ್ಮ ಸಂಸ್ಥೆಯು ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಕಡಲ ಅಲೆಗಳು ಹಗಲಿರುಳೂ ಪಾದ ತೊಳೆಯುತ್ತಿರುವ ಬಂದರು ಪಟ್ಟಣದತ್ತ..."

ಬಂದರು ಎಂದದ್ದು ಕೇಳಿ ಜನ ಎದ್ದರು. ಎಷ್ಟನೇ ಪ್ಲಾಟ್‌ಫಾರಂ? ಅದು ಇನ್ನೂ ಬಂದಿರಲಿಲ್ಲ. ಮೈಕಪ್ಪ ಕಡಲಿನಿಂದ ದೀಪಸ್ತಂಭಕ್ಕೆ, ದೀಪಸ್ತಂಭದಿಂದ ಚಾಲಕರ ಕರ್ತವ್ಯನಿಷ್ಠೆಗೆ ಸಾಗಿದ್ದ. ಅವನ ಹೆಂಡತಿ ಬ್ಯಾಗು ಎತ್ತಿಕೊಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಡಿ, ಮತ್ತೆ ಸ್ಪೀಕರಿನ ಕೆಳಗೇ ಬಂದು ನಿಂತಳು. ಎಲ್ಲೋ ಒಂದು ಹಾರ್ನ್ ಮೊಳಗಿತು.

"...ಐದನೇ ಪ್ಲಾಟ್‌ಫಾರಂನಿಂದ ಇದೀಗ ಹೊರಡಲಿದೆ" ಎಂದು ವಾಕ್ಯ ಪೂರ್ತಿಯಾಗುವಾಗ ಐದನೇ ಪ್ಲಾಟ್‌ಫಾರಂನಲ್ಲಿ ಉಳಿದದ್ದು ಎಣ್ಣೆಯ ಕಲೆ ಮಾತ್ರ.

ಜನ ಕೋಣೆಗೆ ಮುತ್ತಿಗೆ ಹಾಕಿದರು. ಎಲ್ಲರ ಮುಂದೆ ಇದ್ದವಳು ಹೆಂಡತಿ.

"ಸಮುದ್ರ ಯಾರ ಕಾಲು ತೊಳೆದ್ರೆ ನನಗೇನ್ರೀ? ಐದು ಅಂತ ಮೊದಲೇ ಒದರೋಕೆ ಏನಾಗಿತ್ತು ನಿಮಗೆ?"

ಯಾರೋ ಗಾಜು ಗುದ್ದಿದರು. ಅಧಿಕಾರಿ ಮೇಜಿನ ಹಿಂದಿನಿಂದ ಪಿಸುಗುಟ್ಟಿದ: "ಕ್ಷಮೆ ಕೇಳಿ ಸಾರ್, ಗಾಜು ಹೊಸದು!"

ಮೈಕಪ್ಪ ಮೈಕು ಹಿಡಿದ. ಇದೂ ಒಂದೇ ವಾಕ್ಯ. ಆದರೆ ಅದರಲ್ಲಿ ಕಾಲಪ್ರವಾಹವಿತ್ತು, ಯಂತ್ರಗಳ ಮಿತಿಯಿತ್ತು, ಮನುಷ್ಯನ ಅಸಹಾಯಕತೆಯಿತ್ತು. ಅದು ಅರ್ಧ ಸಾಗುವಷ್ಟರಲ್ಲಿ ಎತ್ತಿದ ಮುಷ್ಟಿಗಳು ಇಳಿದವು, ಒಬ್ಬ ಆಕಳಿಸಿದ, ಇಬ್ಬರು ನೆಲದ ಮೇಲೆ ಕುಳಿತರು. ತೆರೆದಿಟ್ಟ ಸ್ಪಿರಿಟ್ಟಿನಂತೆ ಜನರ ಸಿಟ್ಟು ಆರಿಹೋಯಿತು. ಹೆಂಡತಿಯ ಸಿಟ್ಟು ಮಾತ್ರ ಆವಿಯಾಗುವ ಜಾತಿಯದಲ್ಲ.

ಅಧಿಕಾರಿಯ ಕಣ್ಣು ಮಿನುಗಿದವು. "ರೆಕಾರ್ಡ್ ಆಯ್ತೇನಮ್ಮಾ?"

"ಆಯ್ತು ಸಾರ್," ಎಂದಳು ಹುಡುಗಿ, ಫೋನು ಇಳಿಸುತ್ತಾ.

"ಇನ್ನು ನೀವು ಬಾಯಿ ನೋಯಿಸಿಕೊಳ್ಳೋದೇ ಬೇಡ ಸಾರ್. ಇವತ್ತಿನಿಂದ ಈ ನಿಲ್ದಾಣಕ್ಕೆ ನಿಮ್ಮ ಧ್ವನಿ ಖಾಯಂ!"

ಮೈಕಪ್ಪ ಎದೆಯುಬ್ಬಿಸಿಕೊಂಡು ಬೆಂಚಿಗೆ ಮರಳಿದ. ಹೆಂಡತಿ ಅತ್ತ ತಿರುಗಿ ಕುಳಿತಳು.

ಸಂಜೆಯ ಬಂದರು ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು.

"ಬಂದರು ಬಸ್ ಕೆಟ್ಟಿದೆ. ಬೇರೆ ಬರುತ್ತೆ. ಕಾಯಿರಿ," ಎಂದಳು ಹುಡುಗಿ. ಆಮೇಲೆ ಟಕ್ ಎಂಬ ಸದ್ದು. ಸ್ಪೀಕರಿನಲ್ಲಿ ಮೈಕಪ್ಪನ ಕಾಲಪ್ರವಾಹ ಹರಿಯಿತು. ಮುಗಿಯಿತು. ಮತ್ತೆ ಟಕ್ ಎಂದಿತು.

ಮೈಕಪ್ಪ ಕಿಂಡಿಗೆ ಓಡಿದ. "ಇದೇನ್ರೀ ಇದು?"

"ಬಸ್ಸು ಇದ್ದಾಗ ಜನಕ್ಕೆ ಅವಸರ, ಆಗ ಹುಡುಗಿ ಸಾಕು," ಎಂದ ಅಧಿಕಾರಿ ತಣ್ಣಗೆ. "ಬಸ್ಸು ಇಲ್ಲದಾಗ ಪುರುಸೊತ್ತು, ಆಗ ನೀವು. ಇಷ್ಟು ದಿನ ಬಸ್ಸು ಕೆಟ್ಟಾಗೆಲ್ಲ ಬೈಗುಳ ತಿಂತಿದ್ದವಳು ಪಾಪ ಅವಳು."

ಮೈಕಪ್ಪ ಬೆಂಚಿಗೆ ಮರಳುವಷ್ಟರಲ್ಲಿ ಮತ್ತೆ ಟಕ್, ಮತ್ತೆ ಕಾಲಪ್ರವಾಹ. ಈ ಸಲ ಜನ ಆಕಳಿಸಲಿಲ್ಲ. ಒಬ್ಬ ಸ್ಪೀಕರಿಗೆ ಚಪ್ಪಲಿ ತೋರಿಸಿದ. ಬೆಂಚಿನ ಆ ತುದಿಯಲ್ಲಿದ್ದ ದಢೂತಿ ಮನುಷ್ಯ ಅಂಗಿಯ ತೋಳು ಮಡಚುತ್ತಾ ಎದ್ದು ಗುಡುಗಿದ.

"ಬಸ್ಸು ತರೋಕೆ ಯೋಗ್ಯತೆ ಇಲ್ಲ, ಬಾಯಿ ನೋಡು! ಕೈಗೆ ಸಿಗಲಿ ಇವನು! ಯಜಮಾನ್ರೇ, ನೀವು ಹಿರಿಯರು, ಈ ಊರಿನೋರ ಹಾಗೆ ಕಾಣ್ತೀರಿ. ಯಾರ್ರೀ ಇವನು?"

ಬಸ್ಸು ತಪ್ಪಿದ ಮೇಲೆ ಮೊದಲ ಸಲ ಹೆಂಡತಿ ಇತ್ತ ತಿರುಗಿದಳು. ಮೈಕಪ್ಪ ಗಂಟಲು ಸರಿಮಾಡಿಕೊಂಡ.

"ಯಾರೋ," ಎಂದ.