ಶಾಮಣ್ಣನ ಡಿಬೇಟೂ ನನ್ನ ಹೊಟ್ಟೆಕಿಚ್ಚೂ

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ತಮಗೆ ಅದು ಇಲ್ಲವೆನ್ನುವವರನ್ನು ನಾನು ನಂಬುವುದೂ ಇಲ್ಲ. ಆದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಶಿಸ್ತುಂಟು. ಪಕ್ಕದ ಮನೆಯವರು ಮಹಡಿ ಕಟ್ಟಿಸಲಿ, ಅಮಲ್ದಾರರು ಹೊಸ ಜರಿಪೇಟ ಸುತ್ತಲಿ, ನನ್ನ ಷಡ್ಡಕ ಜೋಡಿ ಎತ್ತು ಕೊಳ್ಳಲಿ, ನನ್ನ ಊಟ ನಿದ್ರೆಗಳಿಗೆ ಏನೂ ಆಗುವುದಿಲ್ಲ. ಇನ್ನೊಬ್ಬ ಮೇಷ್ಟರ ಹುಡುಗರು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ ಎಂದು ಯಾರಾದರೂ ಅಂದರೆ ಮಾತ್ರ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತದೆ.

ಆ ಇನ್ನೊಬ್ಬ ಮೇಷ್ಟರು ಶಾಮಣ್ಣ. ಮೈಸೂರಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನು ತಿರುಮಕೂಡಲು ನರಸೀಪುರದ ಶಾಲೆಗೆ ಇಂಗ್ಲಿಷ್ ಮೇಷ್ಟರಾಗಿ ಹೋದ, ನಾನು ನಂಜನಗೂಡಿಗೆ ಬಂದೆ. ನನ್ನ ಮೇಷ್ಟರು ನನಗೆ ಕಲಿಸಿದ ಹಾಗೆಯೇ ನಾನೂ ಕಲಿಸುತ್ತಿದ್ದೆ. ಕರಿಹಲಗೆಯ ಮೇಲೆ ಒಂದು ವಾಕ್ಯ ಬರೆಯುವುದು, ಕರ್ತೃ ಕರ್ಮ ಕ್ರಿಯೆಗಳನ್ನು ಬಿಡಿಸಿ ಇಡುವುದು, ಹುಡುಗರು ಅದನ್ನು ಬಾಯಿಪಾಠ ಮಾಡುವುದು. ಮಾತಾಡುವ ಗೊಡವೆಯೇ ಇರಲಿಲ್ಲ. ನನ್ನ ತರಗತಿಯ ಮೌನವನ್ನು ಹೆಡ್‌ಮಾಸ್ಟರು ಉಳಿದ ಮೇಷ್ಟರುಗಳಿಗೆ ತೋರಿಸಿ ಹೊಗಳುತ್ತಿದ್ದರು.

ನನ್ನ ನೆಮ್ಮದಿ ಕೆಡಿಸಿದವಳು ನನ್ನ ಹೆಂಡತಿ ಸಾವಿತ್ರಿ. ಅವಳ ತವರು ನರಸೀಪುರ. ಗಾಡಿ ಕಟ್ಟಿಸಿಕೊಂಡು ಹೋದವಳು ಬರುವಾಗ ಹಪ್ಪಳ, ಸಂಡಿಗೆ, ಜೊತೆಗೆ ಸುದ್ದಿ ತರುತ್ತಿದ್ದಳು. ಒಂದು ಸಲ ಹುಳಿ ಬಡಿಸುತ್ತಾ, "ಶಾಮಣ್ಣ ಮೇಷ್ಟ್ರು ಹುಡುಗರ ಕೈಲಿ ಇಂಗ್ಲಿಷ್ ನಾಟಕ ಆಡಿಸ್ತಿದಾರೆ ಕಣ್ರೀ. ನಮ್ಮಕ್ಕನ ಮಗನದು ತರಕಾರಿ ಮಾರೋ ಮುದುಕಿ ಪಾತ್ರ. ಸೀರೆ ನಮ್ಮಮ್ಮನದೇ" ಅಂದಳು.

"ಗಂಡುಹುಡುಗನಿಗೆ ಸೀರೆ ಉಡಿಸಿದರೆ ಇಂಗ್ಲಿಷ್ ಬಂದುಬಿಡುತ್ತೇನು?" ಎಂದೆ.

"ಬಂದಿದೆಯಲ್ಲ. ಬದನೆಕಾಯಿ ಕೊಳೆತಿದೆ ಅಂತ ಒಬ್ಬ ಅಂದ್ರೆ, ನಿನ್ನ ಮೂಗೇ ಸರಿಯಿಲ್ಲ ಅಂತ ಇವನು ಇಂಗ್ಲಿಷಲ್ಲೇ ಜಗಳಕ್ಕೆ ನಿಲ್ತಾನೆ. ಅದೇನೋ ಡಿಬೇಟ್ ಅಂತಾನೂ ಮಾಡಿಸ್ತಾರಂತೆ. ನಿಮ್ಮ ಹುಡುಗರು ಇದಾರೆ, ಹೆಸರು ಕೇಳಿದ್ರೆ ಗೋಡೆ ನೋಡ್ತಾರೆ."

ಹುಳಿಗೆ ಉಪ್ಪೇ ಇಲ್ಲ ಎಂದು ನಾನು ಸಿಡುಕಿದೆ. ಸಾವಿತ್ರಿ ರುಚಿ ನೋಡಿ, "ಸರಿಯಾಗಿದೆಯಲ್ಲ" ಎಂದಳು. ಸರಿಯಾಗಿಯೇ ಇತ್ತು.

ಅದೇ ಹೊತ್ತಿಗೆ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರ ಜಾಗ ತೆರವಾಯಿತು. ಇನ್ಸ್‌ಪೆಕ್ಟರ್ ಸಾಹೇಬರು ನರಸೀಪುರದಲ್ಲೂ ನಂಜನಗೂಡಿನಲ್ಲೂ ಪಾಠ ನೋಡಿ ನಮ್ಮಿಬ್ಬರಲ್ಲಿ ಒಬ್ಬನನ್ನು ಆರಿಸುವುದೆಂದು ಗೊತ್ತಾಯಿತು. ಮೈಸೂರಿನ ಆಸೆ ನನಗೂ ಇತ್ತು. ನಿಜ ಹೇಳಬೇಕೆಂದರೆ, ನನಗೆ ಸಿಕ್ಕದಿದ್ದರೂ ಶಾಮಣ್ಣನಿಗೆ ಸಿಕ್ಕಬಾರದು ಎಂಬುದೇ ದೊಡ್ಡ ಆಸೆಯಾಗಿತ್ತು. ನಾನೂ ಡಿಬೇಟ್ ಮಾಡಿಸಲು ನಿಶ್ಚಯಿಸಿದೆ.

ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬ ವಿಷಯ ಕೊಟ್ಟು ಅಭ್ಯಾಸ ಶುರುಮಾಡಿದೆ. ಮಾದಪ್ಪ ಎಂಬ ಹುಡುಗ ಹಳ್ಳಿಯ ಪರವಾಗಿ ಹೇಗೋ ಒಂದೆರಡು ವಾಕ್ಯ ಒದರಿದ. ಎದುರು ಪಕ್ಷದಲ್ಲಿದ್ದ ಕವಲಂದೆಯ ಪುಟ್ಟಸ್ವಾಮಿ ಎದ್ದವನು ಹಾಗೆಯೇ ಕುಳಿತ. ಯಾಕೋ ಎಂದೆ.

"ಆಗಕಿಲ್ಲ ಸಾ. ಮಾದಪ್ಪ ವರ್ಸೇಲಿ ನಂಗೆ ಸ್ವಾದರ್‌ಮಾವ ಆಗ್ಬೇಕು. ಎದ್ರು ಮಾತಾಡ್ದೆ ಅಂತ ನಮ್ಮವ್ವಂಗೆ ಗೊತ್ತಾದ್ರೆ ಇಟ್ಟು ಆಕಕಿಲ್ಲ."

ಮಾದಪ್ಪ ಇವನಿಗಿಂತ ಗೇಣುದ್ದ ಕುಳ್ಳ. ಆದರೂ ಸೋದರಮಾವನ ಗಾಂಭೀರ್ಯದಿಂದ ತಲೆಯಾಡಿಸಿದ. ಜೋಡಿ ಬದಲಾಯಿಸಿ ನೋಡಿದೆ. ಆ ಜೋಡಿ ಭಾವ ಭಾಮೈದರು, ಇನ್ನೊಂದು ಚಿಕ್ಕಪ್ಪ ಮಗ. ಸುತ್ತಲ ಹಳ್ಳಿಗಳ ಅರ್ಧ ವಂಶವೃಕ್ಷ ನನ್ನ ತರಗತಿಯಲ್ಲೇ ಕೂತಿತ್ತು. ಹೀಗಾದರೆ ಯಾರು ಯಾರನ್ನು ವಿರೋಧಿಸುವುದು? ಕೊನೆಗೆ, ಮನುಷ್ಯರ ಉಸಾಬರಿಯೇ ಬೇಡ, ನದಿಗಳ ಮೇಲೆ ಮಾತಾಡಲಿ ಎಂದು ನಮ್ಮೂರ ಹೊಳೆ ಕಪಿಲೆ ದೊಡ್ಡದೋ ಕಾವೇರಿ ದೊಡ್ಡದೋ ಎಂಬ ವಿಷಯ ಇಟ್ಟೆ. ಅರ್ಧ ತರಗತಿಗೆ ಕಪಿಲೆ, ಅರ್ಧಕ್ಕೆ ಕಾವೇರಿ. ಕಾವೇರಿಯವರಿಗೆ ನಾನೇ ಮಾತು ಬರೆದು ಕೊಟ್ಟು ಉರು ಹೊಡೆಸಿದೆ.

ಇನ್ಸ್‌ಪೆಕ್ಟರ್ ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ನೋಡುತ್ತೇನೆ, ಹುಡುಗರೆಲ್ಲ ಕಪಿಲೆಯ ಬೆಂಚುಗಳಲ್ಲೇ ಒತ್ತಾಗಿ ಕೂತಿದ್ದಾರೆ. ಕಾವೇರಿಯ ಬೆಂಚು ಖಾಲಿ. ಪುಟ್ಟಸ್ವಾಮಿಯ ಕಿವಿಯ ಹತ್ತಿರ ಬಗ್ಗಿ, ಇದೇನೋ ಎಂದೆ.

"ಬೆಳಿಗ್ಗೆ ಒಳೇಲಿ ಮುಳುಗಿ, ಸಾಯೇಬ್ರ ಮುಂದೆ ಮಾತು ಬರಂಗೆ ಮಾಡವ್ವಾ ಅಂತ ಕೈ ಮುಗ್ದು ಬಂದಿವ್ನಿ ಸಾ. ಎಲ್ರೂ ಅಂಗೇ ಮಾಡವ್ರೆ. ಈಗ ಆಯಮ್ಮನ್ನೇ ಬಯ್ಯದಾ?"

"ಎದುರು ಪಕ್ಷ ಎಲ್ಲಿ ಮೇಷ್ಟರೇ?" ಎಂದು ಸಾಹೇಬರು ಕೇಳಿದರು.

"ನಾನೇ ಸ್ವಾಮಿ" ಎಂದುಬಿಟ್ಟೆ, ಹೋಗಿ ಖಾಲಿ ಬೆಂಚಿನ ಪಕ್ಕ ನಿಂತೆ. ಬೇರೆ ದಾರಿ ಇರಲಿಲ್ಲ.

ಮೊದಲು ಹುಡುಗರಿಗೆ ಬರೆದುಕೊಟ್ಟಿದ್ದ ಮಾತನ್ನೇ ಒಪ್ಪಿಸಿದೆ. ಆಮೇಲೆ ಏನಾಯಿತೋ, ಹುರುಪು ಬಂತು. ಈ ಕಪಿಲೆ ಎಷ್ಟೇ ಬೀಗುತ್ತಾ ಹರಿದರೂ ನರಸೀಪುರದವರೆಗೆ ಮಾತ್ರ, ಅಲ್ಲಿ ಕಾವೇರಿಗೆ ತನ್ನ ಹೆಸರನ್ನೂ ಒಪ್ಪಿಸಿ ಸುಮ್ಮನಾಗುತ್ತಾಳೆ, ನಿಜವಾದ ದೊಡ್ಡತನವಿರುವುದು ಅಲ್ಲಿಯೇ ಎಂದೆಲ್ಲ ಇಂಗ್ಲಿಷಿನಲ್ಲಿ ಸಾರಿದೆ. ನನ್ನ ಬಾಯಿಂದ ಅಷ್ಟು ಇಂಗ್ಲಿಷ್ ಒಟ್ಟಿಗೆ ಅದುವರೆಗೆ ಹೊರಟಿರಲಿಲ್ಲ. ಹುಡುಗರ ಮುಖ ಕೆಂಪಾಯಿತು. ಪುಟ್ಟಸ್ವಾಮಿ ಎದ್ದು, ಕಾಲ ವಚನಗಳನ್ನು ಹಿಂದುಮುಂದು ಮಾಡುತ್ತಲೇ, ಹೆಣ್ಣು ಗಂಡನ ಮನೆ ಸೇರಿದರೆ ತವರು ಸಣ್ಣದಾಗುತ್ತದೆಯೇ, ಮೇಷ್ಟರು ದಿನಾ ಕುಡಿಯುವ ನೀರು ಯಾರದು ಎಂದು ಇಂಗ್ಲಿಷಿನಲ್ಲೇ ಕೇಳಿದ. ಅವನ ಹಿಂದೆಯೇ ಮಾದಪ್ಪ ಎದ್ದ, ಆಮೇಲೆ ಮಿಕ್ಕವರು. ನಾನು ಅವರಲ್ಲಿ ಯಾರಿಗೂ ಸೋದರಮಾವನಾಗಬೇಕಾಗಿರಲಿಲ್ಲ. ಸಾಹೇಬರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಮೈಸೂರು ನನ್ನದೇ ಎಂದು ಖಾತ್ರಿಯಾಗಿ ಅಂದು ಸಂಜೆ ಸಾವಿತ್ರಿಗೆ ಮಲ್ಲಿಗೆ ಹೂವು ತಂದುಕೊಟ್ಟೆ.

ಮೈಸೂರಿಗೆ ಹೋದವನು ಶಾಮಣ್ಣ. ಅವನ ಜಾಗಕ್ಕೆ, ನರಸೀಪುರಕ್ಕೆ, ನನ್ನನ್ನು ಹಾಕಿದರು. "ಕಾವೇರಿಯ ಮೇಲೆ ಅಷ್ಟು ಭಕ್ತಿಯಿರುವ ಮೇಷ್ಟರನ್ನು ಅಲ್ಲಿಗೇ ಕಳಿಸೋಣ" ಎಂದು ಸಾಹೇಬರು ಅಂದರಂತೆ. ಅವರ ಪಾಲಿಗೆ ಅದು ಮೆಚ್ಚುಗೆ.

ಈಗ ಇಲ್ಲಿ ಸಾವಿತ್ರಿಯ ತವರಿನ ಎದುರು ಮನೆಯಲ್ಲೇ ನಮ್ಮ ಬಿಡಾರ. ತರಗತಿಯಲ್ಲಿ ಬಾಯಿ ತೆರೆದರೆ, "ಶಾಮಣ್ಣ ಮೇಷ್ಟ್ರು ಇಂಗ್ ಮಾಡ್ತಿರ್ನಿಲ್ಲ ಸಾ" ಅನ್ನುತ್ತಾರೆ ಹುಡುಗರು. ಅದು ಹೇಗೋ ರೂಢಿಯಾಯಿತು. ಮೊನ್ನೆ ಊಟಕ್ಕೆ ಕೂತಾಗ ಸಾವಿತ್ರಿ ಬಡಿಸುತ್ತಾ, "ನಂಜನಗೂಡಿಗೆ ಯಾರೋ ಹೊಸ ಮೇಷ್ಟ್ರು ಬಂದಿದಾರಂತೆ ಕಣ್ರೀ. ಹುಡುಗರು ಅದೇನು ಇಂಗ್ಲಿಷ್ ಮಾತಾಡ್ತಾರಂತೆ. ಆ ಕವಲಂದೆ ಹುಡುಗನ ಮುಂದೆ ಯಾರೂ ನಿಲ್ಲೋ ಹಾಗಿಲ್ಲವಂತೆ. ಬಂದು ತಿಂಗಳಿಗೇ ಬಾಯಿ ಬಿಡಿಸಿದ ಪುಣ್ಯಾತ್ಮ ಅಂತ ಊರೆಲ್ಲ ಹೊಗಳ್ತಿದೆ" ಎಂದಳು.

ನಾನು ಒಂದು ಗುಟುಕು ಕುಡಿದು, ಉಪ್ಪೇ ಹಾಕಿಲ್ಲವಲ್ಲ ಎಂದು ಸಿಡುಕಿದೆ.

ಈ ಸಲ ಸಾವಿತ್ರಿ ರುಚಿ ನೋಡಲು ಹೋಗಲಿಲ್ಲ. "ಅದು ಪಾಯಸ ಕಣ್ರೀ" ಎಂದಳು.