ಬೆ, ಎಂಟ್, ಎರ್, ಫೆರ್, ತ್ಸೆರ್

ವೆಂಕಟರಂಗಯ್ಯ ಮೇಷ್ಟ್ರಿಗೆ ಜರ್ಮನ್ ಭಾಷೆಯ ಒಂದೇ ಒಂದು ಕ್ರಿಯಾಪದವೂ ಬರುತ್ತಿರಲಿಲ್ಲ. ಆದರೆ ಆ ಕ್ರಿಯಾಪದಗಳ ಮುಂದೆ ಅಂಟಿಕೊಳ್ಳುವ ಉಪಸರ್ಗಗಳೆಲ್ಲ ಬಾಯಿಪಾಠ. ಚಿಕ್ಕಂದಿನಲ್ಲಿ ಅವರ ತಾತ ಸಂಸ್ಕೃತ ಕಲಿಸುವಾಗ ಎಲ್ಲಕ್ಕಿಂತ ಮೊದಲು ‘ಪ್ರ, ಪರಾ, ಅಪ, ಸಮ್’ ಎಂದು ಉರು ಹೊಡೆಸಿದ್ದರು. ಅದೇ ಚಾಳಿಯಲ್ಲಿ ಮೇಷ್ಟ್ರು ಹಳೇ ಜರ್ಮನ್ ವ್ಯಾಕರಣವೊಂದರ ಉಪಸರ್ಗದ ಅಧ್ಯಾಯವನ್ನಷ್ಟೇ ಅರೆದು ಕುಡಿದು, ದಿನಾ ಬೆಳಿಗ್ಗೆ ತುಮಕೂರಿನ ತಮ್ಮ ಜಗಲಿಯಲ್ಲಿ ಶಾಲು ಹೊದ್ದು ‘ಬೆ, ಎಂಟ್, ಎರ್, ಫೆರ್, ತ್ಸೆರ್’ ಎಂದು ರಾಗವಾಗಿ ಪಠಿಸುತ್ತಿದ್ದರು. ಮನೆಯೇ ಇಲ್ಲದೆ ತೋರಣ ಕಟ್ಟಿದ ಹಾಗೆ.

ಪಕ್ಕದ ಮನೆಯ ಶ್ರೀಕಂಠಯ್ಯನಿಗೆ ಅಷ್ಟೇ ಸಾಕಾಯಿತು. ಅಮಲ್ದಾರರ ಕಚೇರಿಯಿಂದ ನಿವೃತ್ತನಾದ ಈ ಗುಮಾಸ್ತನಿಗೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಗುಬ್ಬಿಯ ಎಣ್ಣೆ ಮಿಲ್ಲಿನ ಸಾಹುಕಾರ ಗಂಗಣ್ಣ, ಹೊಸ ಮಿಷಿನ್ನು ಕೂರಿಸಲು ಜರ್ಮನಿಯಿಂದ ಎಂಜಿನಿಯರ್ ಬಂದಿದ್ದಾನೆ, ಮಾತಾಡಿಸುವವರಿಲ್ಲ ಎಂದದ್ದೇ ತಡ, “ನಮ್ಮ ಮೇಷ್ಟ್ರಿಲ್ವೇ” ಎಂದುಬಿಟ್ಟ ಶ್ರೀಕಂಠಯ್ಯ.

ಆ ಗಂಗಣ್ಣನೇ ಮೇಷ್ಟ್ರ ಶಾಲೆಯ ಕಮಿಟಿ ಅಧ್ಯಕ್ಷ. ೧೯೫೯ರ ಮಾತು. ವೆಂಕಟರಂಗಯ್ಯನವರು ಇಂಗ್ಲಿಷ್ ಮೇಷ್ಟ್ರಾಗಿ ವರ್ಷಾನುಗಟ್ಟಲೆ ಟೆಂಪರರಿಯಾಗಿಯೇ ಸವೆದಿದ್ದರು. ಕೆಲಸ ಖಾಯಮ್ಮೋ ಇಲ್ಲ ಹೊಸದಾಗಿ ಅರ್ಜಿ ಹಾಕಿದ್ದ ಕಡಬದ ಹುಡುಗನ ಪಾಲೋ ಎಂದು ಮರುದಿನ ಕಮಿಟಿ ತೀರ್ಮಾನಿಸುವುದಿತ್ತು.

“ನಿಜ ಹೇಳಿ ಕೈ ಮುಗಿದುಬಿಡಿ,” ಎಂದಳು ಹೆಂಡತಿ ವನಜಮ್ಮ. “ನೀರು ಕೊಡಿ ಅನ್ನೋಕೂ ಬರಲ್ಲ ನಿಮಗೆ.”

“ಉಪಸರ್ಗ ಗೊತ್ತಿದ್ರೆ ಅರ್ಧ ಭಾಷೆ ಗೊತ್ತಿದ್ದ ಹಾಗೆ ಕಣೇ.”

“ಹಾಗಾದ್ರೆ ಅರ್ಧ ಮರ್ಯಾದೆನಾದ್ರೂ ಉಳಿಸ್ಕೊಂಡು ಬನ್ನಿ.”

ಶ್ರೀಕಂಠಯ್ಯ ಕರೆಯದೆಯೇ ಜೊತೆಗೆ ಬಸ್ಸು ಹತ್ತಿದ. ಮಿಲ್ಲಿನಲ್ಲಿ ಆ ಎತ್ತರದ ಜರ್ಮನ್ ಎಂಜಿನಿಯರ್ ಮೇಷ್ಟ್ರನ್ನು ಕಂಡವನೇ ಖುಷಿಯಿಂದ ಗಡಗಡ ಮಾತಾಡಿದ. ಮೇಷ್ಟ್ರು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಅದರಲ್ಲಿ ಉಪಸರ್ಗ ಆರಿಸುತ್ತ ನಿಂತರು.

“ಏನಂತೆ ಮೇಷ್ಟ್ರೇ?” ಎಂದ ಗಂಗಣ್ಣ.

“ತ್ಸೆರ್ ಅಂದ್ರು. ಅಂದ್ರೆ ಚೂರುಚೂರಾಗೋದು. ಆಮೇಲೆ ಫೆರ್ ಅಂದ್ರು. ಕೆಟ್ಟುಹೋಗೋದು, ಕಳೆದುಹೋಗೋದು ಇದಕ್ಕೆಲ್ಲ ಅದು ಬರುತ್ತೆ. ಮೂಲದಲ್ಲಿ ಅದು ಮೂರು ಉಪಸರ್ಗ, ಸವೆದು ಒಂದಾಗಿದೆ. ಅದರಲ್ಲೊಂದು ನಮ್ಮ ಸಂಸ್ಕೃತದ ‘ಪ್ರ’ಕ್ಕೆ ದಾಯಾದಿ.”

“ಮಿಷಿನ್ನು ಇನ್ನೂ ಓಡಿಸೇ ಇಲ್ವಲ್ಲ, ಚೂರಾಗೋದು ಹೆಂಗೆ?”

“ಅದಕ್ಕೇ ಹುಷಾರು ಅಂತಿದಾರೆ,” ಎಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತ.

“ನೋಡಿದ್ರಾ, ಬೇರು ಸಮೇತ ಕಿತ್ತು ತೋರಿಸ್ತಾರೆ,” ಎಂದ ಶ್ರೀಕಂಠಯ್ಯ. “ಮೇಷ್ಟ್ರೇ, ನೀವೂ ನಾಕು ಮಾತು ಆಡಿ.”

ಬೇರೆ ದಾರಿ ಇರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ‘ಬೆ, ಎಂಟ್, ಎರ್’ ಎಂದು ಜಗಲಿಯ ರಾಗದಲ್ಲೇ ಶುರುಮಾಡಿದರು. ಎಂಜಿನಿಯರ್ ಬಾಯಿ ಬಿಟ್ಟುಕೊಂಡು ಕೇಳಿದ. ಕೊನೆಗೆ ಪಾಪ, ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದ: “ಸರ್, ಡು ಯು ಸ್ಪೀಕ್ ಇಂಗ್ಲಿಷ್?”

ಮೇಷ್ಟ್ರು ಯೆಸ್ ಎಂದರೆ ಸಾಕು, ಎಲ್ಲ ಸಲೀಸು. ಆದರೆ ಯೆಸ್ ಎಂದು ಇಂಗ್ಲಿಷಿಗೆ ಇಳಿದರೆ ಜರ್ಮನ್ನಿನ ಬಂಡವಾಳ ಗಂಗಣ್ಣನ ಕಣ್ಣೆದುರೇ ಬಯಲಾಗುತ್ತಿತ್ತು. ಅವರು ಮಾಡಿನ ಹೆಂಚು ನೋಡುತ್ತ ಗಂಭೀರವಾಗಿ “ಫೆರ್” ಎಂದರು. ಎಂಜಿನಿಯರ್ ಇನ್ನೊಮ್ಮೆ, ಇನ್ನೂ ಜೋರಾಗಿ ಕೇಳಿದ. “ತ್ಸೆರ್” ಎಂದರು.

ಅವನು ನಕ್ಕು, ಅಂಗಿಯ ತೋಳು ಮಡಚಿ, ಸ್ಪಾನರ್ ಹಿಡಿದು ತಾನೇ ಕೆಲಸಕ್ಕಿಳಿದ. ಸಂಜೆಗೆ ಮಿಷಿನ್ನು ಓಡಿತು. ಗಂಗಣ್ಣ ಮೇಷ್ಟ್ರಿಗೆ ಹಾರ ಹಾಕಿ, ಒಂದು ಗೊನೆ ಎಳನೀರು ಕೊಟ್ಟ.

“ನೀವಿಲ್ದಿದ್ರೆ ನನ್ ಮಿಲ್ಲು ಮಲಗಿರೋದು ಮೇಷ್ಟ್ರೇ. ಜರ್ಮನ್ ಅಂದ್ರೆ ನೀವೇ.”

“ಹಾಗಾದ್ರೆ ನಾಳೆ ಕಮಿಟೀಲಿ ನನ್ನ ಕೆಲಸ...”

ಗಂಗಣ್ಣನ ಮುಖ ಸಣ್ಣಗಾಯಿತು. “ಅದೇ ಬೇಜಾರು ಸ್ವಾಮಿ. ಆ ದೊರೆ ಎರಡು ಸಲ ಇಂಗ್ಲಿಷ್‌ನಲ್ಲಿ ಕೇಳ್ದ. ನಾಕನೇ ಕ್ಲಾಸು ಓದಿರೋ ನಂಗೇ ಅರ್ಥ ಆಯ್ತು, ನಿಮಗಾಗ್ಲಿಲ್ಲ. ಇಂಗ್ಲಿಷೇ ಬರ್ದಿರೋರನ್ನ ಇಂಗ್ಲಿಷ್ ಮೇಷ್ಟ್ರು ಅಂತ ಖಾಯಂ ಮಾಡಿದ್ರೆ ಜನ ನನ್ ಮುಖಕ್ಕೆ ಉಗೀತಾರೆ. ಆ ಕಡಬದ ಹುಡುಗನ್ನೇ ತಗೋತೀವಿ. ಜರ್ಮನ್ ಕ್ಲಾಸು ತೆಗೆದಾಗ ನಿಮಗೇ ಮೊದಲು ಹೇಳ್ಕಳಿಸ್ತೀನಿ.”

ಮೇಷ್ಟ್ರು ಬಾಯಿ ತೆರೆದರು. ಇಂಗ್ಲಿಷ್ ಬರುತ್ತದೆ ಎನ್ನಬೇಕಾದರೆ ಜರ್ಮನ್ ಬರುವುದಿಲ್ಲ ಎನ್ನಬೇಕು. ಎಳನೀರಿನ ಗೊನೆ ಹೆಗಲಿಗೇರಿಸಿಕೊಂಡರು.

“ಇವರ ಇಂಗ್ಲಿಷ್ ಮೇಲೆ ನಂಗೆ ಮೊದಲಿಂದ್ಲೂ ಅನುಮಾನವೇ,” ಎಂದು ಶ್ರೀಕಂಠಯ್ಯ ವಾಪಸು ಬರುವಾಗ ಬಸ್ಸಿನಲ್ಲಿದ್ದವರಿಗೆಲ್ಲ ಹೇಳುತ್ತ ಬಂದ.

ವನಜಮ್ಮ ಬಾಗಿಲಲ್ಲೇ ನಿಂತಿದ್ದಳು. “ಅರ್ಧ ಮರ್ಯಾದೆ ಉಳೀತಾ?”

“ಜರ್ಮನ್‌ದು ಉಳೀತು,” ಎಂದರು ಮೇಷ್ಟ್ರು, ಎಳನೀರಿನ ಗೊನೆ ಇಳಿಸುತ್ತ. “ಇಂಗ್ಲಿಷ್‌ದು ಹೋಯ್ತು.”